ಪದ ಪರಿಚಯ: ಕಂಬೈನ್ಡ್ ರ‍್ಯಾಂಕಿಂಗ್

ಟೆನಿಸ್ ಡಬಲ್ಸಿನಲ್ಲಿ ಜೋಡಿಯಾಗಿ ಆಡುವ ಇಬ್ಬರ ರ‍್ಯಾಂಕ್ ಕೂಡಿದಾಗ ಬರುವ ಮೊತ್ತವೇ ಕಂಬೈನ್ಡ್ ರ‍್ಯಾಂಕಿಂಗ್. ಒಬ್ಬನದು 420, ಇನ್ನೊಬ್ಬನದು 610 ಇದ್ದರೆ ಜೋಡಿಯದು 1,030. ಮೊತ್ತ ಕಡಿಮೆಯಿದ್ದಷ್ಟೂ ಡ್ರಾದಲ್ಲಿ, ಅಂದರೆ ಟೂರ್ನಿಯಲ್ಲಿ ಆಡುವವರ ಪಟ್ಟಿಯಲ್ಲಿ, ಜಾಗ ಖಚಿತ.

ಮೈಸೂರು ಟೆನಿಸ್ ಕ್ಲಬ್ಬಿನಲ್ಲಿ 2023ರಲ್ಲಿ 25,000 ಡಾಲರ್ ಬಹುಮಾನದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್) ಟೂರ್ನಿ ನಡೆಯಿತಲ್ಲ, ಈ ಪದದ ಬಿಸಿ ತಟ್ಟುವುದು ಅಂಥ ಕಡೆಯೇ. ಅಲ್ಲಿ ಡಬಲ್ಸ್ ಡ್ರಾ ಬರೀ 16 ಜೋಡಿಗಳದು. ಅದರಲ್ಲೂ ಕೆಲವು ಜಾಗ ವೈಲ್ಡ್ ಕಾರ್ಡಿಗೆ, ಅಂದರೆ ಸಂಘಟಕರು ತಾವೇ ಆರಿಸಿದವರಿಗೆ, ಹೋಗುತ್ತವೆ. ಕಟ್-ಆಫ್, ಅಂದರೆ ಒಳಗೆ ಬಂದ ಕೊನೆಯ ಜೋಡಿಯ ಮೊತ್ತ, 1,000ಕ್ಕೆ ನಿಂತಿತೆನ್ನಿ, ಮೇಲಿನ ಜೋಡಿ ಹೊರಗೆ. ಅದೇ 420ರವನು 550ರವನ ಜೊತೆ ಹೆಸರು ಕೊಟ್ಟಿದ್ದರೆ 970, ಒಳಗೆ. ಕೆಳಗಿನ ರ‍್ಯಾಂಕಿನ ಆಟಗಾರನಿಗೆ ಸರ್ವ್, ವಾಲಿಯಷ್ಟೇ ದೊಡ್ಡ ಕೆಲಸ ಪಾರ್ಟ್ನರ್ ಹುಡುಕುವುದು.

ಎಂ15 ಟೂರ್ನಿ, ಅಂದರೆ 15,000 ಡಾಲರಿನದು, ಗೆದ್ದರೆ ಇಬ್ಬರಿಗೂ ತಲಾ 15 ರ‍್ಯಾಂಕಿಂಗ್ ಪಾಯಿಂಟ್. ಫೈನಲ್ ಸೋತರೆ 8, ಸೆಮಿಯಲ್ಲಿ 4, ಕ್ವಾರ್ಟರಿನಲ್ಲಿ 2. ಮೊದಲ ಸುತ್ತಿನಲ್ಲೇ ಸೋತರೆ ಸೊನ್ನೆ. ಪಾಯಿಂಟ್ ಇಬ್ಬರಿಗೂ ಪೂರ್ತಿ ಸಿಗುತ್ತದೆ, ದುಡ್ಡು ಮಾತ್ರ ಹಂಚಿಕೆ: ಗೆದ್ದ ಜೋಡಿಗೆ 930 ಡಾಲರ್, ತಲೆಗೆ 465. ಓಡಾಟ, ಹೋಟೆಲ್, ರ‍್ಯಾಕೆಟ್ಟಿಗೆ ಗಟ್ಟಿಂಗ್ ಎಲ್ಲ ಅದರಲ್ಲೇ ಆಗಬೇಕು.

ಮೊತ್ತ ಇಳಿಸಿಕೊಳ್ಳಲು ವಾರಕ್ಕೊಬ್ಬ ಪಾರ್ಟ್ನರ್ ಹಿಡಿಯುವುದೇ ಇಲ್ಲಿನ ದೊಡ್ಡ ತಪ್ಪು. ಈ ಟೂರ್ನಿಗಳ ಡಬಲ್ಸಿನಲ್ಲಿ 40-40 ಆದರೆ ಮುಂದಿನ ಒಂದೇ ಪಾಯಿಂಟಿಗೆ ಗೇಮ್ ಮುಗಿಯುತ್ತದೆ. ರಿಟರ್ನ್ ಯಾರು ತಗೋಬೇಕು ಅನ್ನೋದನ್ನ ಎದುರಿನ ಜೋಡಿ ಆ ಕ್ಷಣದಲ್ಲೇ ತೀರ್ಮಾನಿಸಬೇಕು. ಪಳಗಿದ ಜೋಡಿಗೆ ಒಂದು ಕಣ್ಸನ್ನೆ ಸಾಕು. ಹೊಸಬರು ಬೇಸ್‌ಲೈನ್ ಹತ್ತಿರ ನಿಂತು ಮುಖ ಮುಖ ನೋಡಿಕೊಳ್ಳುತ್ತಾರೆ. ಸೆಟ್ 1-1 ಆದರೆ ಮೂರನೇ ಸೆಟ್ಟೂ ಇಲ್ಲ, 10 ಪಾಯಿಂಟಿನ ಟೈಬ್ರೇಕ್. ತಪ್ಪು ತಿದ್ದಿಕೊಳ್ಳಲು ಹೊತ್ತೇ ಸಿಗುವುದಿಲ್ಲ. ಹಾಗಾಗಿ ಮೊತ್ತ ಐವತ್ತು ಹೆಚ್ಚಾದರೂ ಡ್ರಾ ಸಿಗುವಂತಿದ್ದರೆ ಹಳೆಯ ಪಾರ್ಟ್ನರೇ ವಾಸಿ. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ರ ವಯಸ್ಸಿನಲ್ಲಿ, ನಂಬರ್ 1 ಆಗಿದ್ದೂ ಹಿಂದಿನ ವರ್ಷದಿಂದ ಜೊತೆಗಿದ್ದ ಮ್ಯಾಥ್ಯೂ ಎಬ್ಡೆನ್ ಜೊತೆಗೇ.

ಪಾರ್ಟ್ನರ್ ಸಿಂಗಲ್ಸೂ ಆಡುವವನಾದರೆ ಇನ್ನೊಂದು ಅಪಾಯವಿದೆ. ಬೆಳಿಗ್ಗೆ ಸಿಂಗಲ್ಸಿನಲ್ಲಿ ಅವನ ತೊಡೆ ಹಿಡಿದುಕೊಂಡರೆ ಸಂಜೆಯ ಡಬಲ್ಸ್ ಇವನಿಗೂ ಇಲ್ಲ. ಮೊದಲ ಸುತ್ತಾದರೆ ಆ ಜಾಗ ಕಾಯುತ್ತಿರುವ ಆಲ್ಟರ್ನೇಟ್ ಜೋಡಿಗೆ.

ಪಾಯಿಂಟಿನ ಆಯಸ್ಸು 52 ವಾರ. ಇವತ್ತು 550 ಇರುವವನು, ಹೋದ ವರ್ಷದ ಟೈಟಲ್ ಪಾಯಿಂಟ್ ಲೆಕ್ಕದಿಂದ ಬಿದ್ದುಹೋದ ಸೋಮವಾರ ಎಷ್ಟೋ ಕೆಳಗೆ ಜಾರಬಹುದು. ಜೊತೆಗೆ ಆಡಲು ಒಪ್ಪುವ ಮುಂಚೆ ಅವನ ಪಾಯಿಂಟ್ ಯಾವ ವಾರ ಬೀಳುತ್ತದೆ ಎಂದು ಕೇಳಿಕೊಳ್ಳಬೇಕು.