ಕಮಲ ಹೇಗೆ ಪ್ರಶ್ನೆ ಚಿಹ್ನೆಯಾದಳು?

ಸಾಗರದ ಹತ್ತಿರ ನನ್ನ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಹನ್ನೆರಡು ವರ್ಷದಿಂದ ನಡೆಸಿಕೊಂಡು ಬಂದ ಕೆಲಸ. ಮೇಳಗಳಲ್ಲಿ ಸ್ಟಾಲ್ ಹಾಕಿದಾಗ ಕೊಂಡವರು ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಫೋನ್ ನಂಬರ್, ಮೇಲ್ ಐಡಿ ಬರೆದು ಹೋಗುತ್ತಿದ್ದರು. ಈ ಸಲದ ಮಿಡಿ ಭರಣಿಗೆ ಬಿದ್ದ ಮೇಲೆ ತಿಳಿಸಿ ಅಂತ. ಆ ನೋಟ್‌ಬುಕ್ಕುಗಳನ್ನೆಲ್ಲ ಅಣ್ಣನ ಮಗಳು ಒಂದು ರಜೆಯಲ್ಲಿ ಕೂತು ಎಕ್ಸೆಲ್ ಶೀಟಿಗೆ ಏರಿಸಿದಳು. 1,100 ಚಿಲ್ಲರೆ ಸಾಲುಗಳು. ಹೋದ ವರ್ಷ ಹಳೆಯ ಇಮೇಲ್ ಸೇವೆ ಬಿಟ್ಟು, ಅದನ್ನು ಹೊಸದೊಂದಕ್ಕೆ ಹಾಕಿ ಎಲ್ಲರಿಗೂ ಸುದ್ದಿ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಫೈಲ್ ಆರಿಸಿದೆ, ಅಪ್‌ಲೋಡ್ ಒತ್ತಿದೆ, ಹಸಿರು ಟಿಕ್ ಬಂತು. ಮೇಲ್ ಹೋಯಿತು. ಸಂಜೆಯೊಳಗೆ ಉತ್ತರ ಬರಲು ಶುರುವಾಯಿತು. ಒಬ್ಬರ ಮೇಲ್ "ನಮಸ್ಕಾರ ಎಚ್" ಎಂದು ಶುರುವಾಗಿತ್ತಂತೆ. ಕಮಲ ಎಂಬುವರಿಗೆ "ನಮಸ್ಕಾರ ???" ಎಂದು ಹೋಗಿತ್ತು. ಮೂರನೆಯ ಉತ್ತರ ಎರಡೇ ಸಾಲಿನದು. "ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಇವರ ಹೆಸರು ತೆಗೆಯಿರಿ ಎಂದು ಆಗಲೇ ತಿಳಿಸಿದ್ದೆ."

ಈ ಮೂರು ಉತ್ತರಗಳು ನನ್ನನ್ನು ತಿಂಗಳುಗಟ್ಟಲೆ ಕಾಡಿದವು. ಪಟ್ಟಿಯೊಂದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವಾಗ ಏನಾಗುತ್ತದೆ ಎಂದು ತಿಳಿಯಲು ಹೊರಟೆ. ಕಂಡುಕೊಂಡದ್ದು ಇಷ್ಟು: ಫೈಲಿನಲ್ಲಿ ಬರೆಯದೆ ಬಿಟ್ಟದ್ದನ್ನು ಯಂತ್ರ ಊಹೆ ಮಾಡುತ್ತದೆ. ಊಹೆ ತಪ್ಪಿದ ಕಡೆ ಒಬ್ಬ ಮನುಷ್ಯ ಕಳೆದುಹೋಗುತ್ತಾನೆ. ಆಗಲೂ ಹಸಿರು ಟಿಕ್ ಬಂದೇ ಬರುತ್ತದೆ.

ಹೆಚ್ಚಿನ ಇಮೇಲ್ ಸೇವೆಗಳು ಕೇಳುವುದು ಸಿಎಸ್‌ವಿ ಫೈಲನ್ನು. ಅದರೊಳಗೆ ಬಣ್ಣ, ಗೆರೆ, ಸೂತ್ರ ಏನೂ ಇರುವುದಿಲ್ಲ. ಒಬ್ಬರಿಗೆ ಒಂದು ಸಾಲು, ಮಾಹಿತಿಗಳ ನಡುವೆ ಒಂದು ಅಲ್ಪವಿರಾಮ, ಅಷ್ಟೇ. 1970ರ ದಶಕದಿಂದಲೂ ಈ ಪದ್ಧತಿ ಬಳಕೆಯಲ್ಲಿದೆ. ಆದರೆ ಅದರ ರೂಢಿಯನ್ನು ಆರ್‌ಎಫ್‌ಸಿ 4180 ಎಂಬ ದಾಖಲೆಯಾಗಿ ಬರೆದಿಟ್ಟದ್ದು 2005ರಲ್ಲಿ. ಅಷ್ಟು ಹೊತ್ತಿಗೆ ಒಂದೊಂದು ಸಾಫ್ಟ್‌ವೇರ್ ಒಂದೊಂದು ರೀತಿ ಕಲಿತುಬಿಟ್ಟಿತ್ತು. ನಮ್ಮ ವಿಳಾಸಗಳಲ್ಲಿ ಅಲ್ಪವಿರಾಮ ಜಾಸ್ತಿ ಅಲ್ವಾ? ಮನೆ ನಂಬರ್, ಅಡ್ಡರಸ್ತೆ, ಬಡಾವಣೆ, ಎಲ್ಲದರ ನಂತರ ಒಂದೊಂದು. ಇಡೀ ವಿಳಾಸವನ್ನು ಉದ್ಧರಣ ಚಿಹ್ನೆಗಳ ಒಳಗೆ ಕಟ್ಟಿಡದಿದ್ದರೆ ಅದು ನಾಲ್ಕು ಕಾಲಂಗಳಾಗಿ ಒಡೆಯುತ್ತದೆ. ಪಕ್ಕದ ಮಾಹಿತಿಯೆಲ್ಲ ಬಲಕ್ಕೆ ಸರಿದು, ಮೇಲ್ ಐಡಿ ಇರಬೇಕಾದ ಜಾಗದಲ್ಲಿ ಬಡಾವಣೆಯ ಹೆಸರು ಬಂದು ಕೂರುತ್ತದೆ.

"ನಮಸ್ಕಾರ ಎಚ್" ಆದದ್ದು ಬೇರೆ ಕಾರಣಕ್ಕೆ. ಸೇವೆಯ ಪರದೆಯಲ್ಲಿ ಎರಡು ಖಾನೆಗಳಿದ್ದವು, ಫಸ್ಟ್ ನೇಮ್ ಮತ್ತು ಲಾಸ್ಟ್ ನೇಮ್. ನಮ್ಮ ಶೀಟಿನಲ್ಲಿ ಹೆಸರಿಗೆ ಒಂದೇ ಕಾಲಂ. ಅದನ್ನು ಖಾಲಿ ಜಾಗ ಇದ್ದಲ್ಲಿ ಕತ್ತರಿಸಿ, ಮೊದಲ ತುಂಡನ್ನು ಫಸ್ಟ್ ನೇಮ್ ಮಾಡಿಕೊಂಡಿತ್ತು. ಕರ್ನಾಟಕದ ಬಹಳಷ್ಟು ಹೆಸರುಗಳಲ್ಲಿ ಮೊದಲು ಬರುವುದು ಊರಿನ ಅಕ್ಷರ, ಅಥವಾ ತಂದೆಯ ಹೆಸರಿನ ಅಕ್ಷರ. ಕರೆಯುವ ಹೆಸರು ಕೊನೆಯಲ್ಲಿರುತ್ತದೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನೇ ತೆಗೆದುಕೊಳ್ಳಿ. ಮೋಕ್ಷಗುಂಡಂ ಎಂಬುದು ಆಂಧ್ರದಲ್ಲಿರುವ ಊರು, ಅವರ ಹಿರಿಯರ ಮೂಲ. ಕುವೆಂಪು ಅವರ ಕು ಎಂದರೆ ಕುಪ್ಪಳ್ಳಿ, ವೆಂ ಎಂದರೆ ತಂದೆ ವೆಂಕಟಪ್ಪ, ಪು ಎಂದರೆ ಪುಟ್ಟಪ್ಪ. ಈ ಎರಡು ಖಾನೆಗಳ ಲೆಕ್ಕದಲ್ಲಿ ಇಬ್ಬರು ಹಿರಿಯರಿಗೂ ಅವರ ಊರಿನ ಹೆಸರು ಹಿಡಿದು ನಮಸ್ಕಾರ ಹೋಗುತ್ತಿತ್ತು. ಹೆಸರು ಎಂದರೆ ಎರಡು ತುಂಡು ಎಂದು ಯಾರೋ ಎಲ್ಲೋ ಕೂತು ತೀರ್ಮಾನಿಸಿದ್ದಾರೆ. ಅದಕ್ಕೆ ನಮ್ಮ ಹೆಸರುಗಳನ್ನು ಒಗ್ಗಿಸುವ ಬದಲು, ನಾನು ಶೀಟಿನಲ್ಲಿ "ಕರೆಯುವ ಹೆಸರು" ಎಂದು ಹೊಸ ಕಾಲಂ ಮಾಡಿದೆ. ಕೈಯಾರೆ ತುಂಬಿದೆ. ಮೂರು ದಿನ ಹಿಡಿಯಿತು.

ಇನ್ನು ಕಮಲ. ಇದು ನನಗೆ ತುಂಬ ಹಿಡಿಸಿದ ಭಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. 1963ರಲ್ಲಿ ಬಂದ ಆಸ್ಕಿ ಎಂಬ ಪಟ್ಟಿಯಲ್ಲಿ ಒಟ್ಟು 128 ಜಾಗ. ಇಂಗ್ಲಿಷಿಗೆ ಸಾಕು, ನಮಗೆ ಅಲ್ಲಿ ಜಾಗವೇ ಇಲ್ಲ. ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಟ್ಟದ್ದು ಆಮೇಲೆ ಬಂದ ಯೂನಿಕೋಡ್. ಆ ಸಂಖ್ಯೆಗಳನ್ನು ಫೈಲಿನಲ್ಲಿ ಬೈಟುಗಳಾಗಿ, ಅಂದರೆ 0ರಿಂದ 255ರವರೆಗಿನ ಪುಟ್ಟ ಸಂಖ್ಯೆಗಳಾಗಿ, ಬರೆಯಲು ಈಗ ಎಲ್ಲರೂ ಬಳಸುವ ರೀತಿ ಯುಟಿಎಫ್-8. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರ ಸೆಪ್ಟೆಂಬರಿನ ಒಂದು ರಾತ್ರಿ ಊಟಕ್ಕೆ ಕೂತಿದ್ದಾಗ ಅದರ ನಕ್ಷೆ ಮೂಡಿತು. ನ್ಯೂಜೆರ್ಸಿಯ ಒಂದು ಸಣ್ಣ ಹೋಟೆಲಿನಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ.

ಈ ರೀತಿಯಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟ್ ಬೇಕು. ಕ ಎಂದರೆ 224, 178, 149. ಮ ಎಂದರೆ 224, 178, 174. ಲ ಎಂದರೆ 224, 178, 178. ಹೀಗೆ ಕಮಲ ಎಂಬುದು ಒಂಬತ್ತು ಸಂಖ್ಯೆಗಳ ಸಾಲು. ಆದರೆ ಸಿಎಸ್‌ವಿ ಫೈಲು ತನ್ನ ಸಂಖ್ಯೆಗಳು ಯಾವ ರೀತಿಯವು ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ತೆರೆಯುವ ಯಂತ್ರ ಊಹಿಸಬೇಕು. ಅದೇ ಒಂಬತ್ತನ್ನು ಪಶ್ಚಿಮ ಯುರೋಪಿನ ಹಳೆಯ ವಿಂಡೋಸ್ ಪಟ್ಟಿಯಿಂದ ಓದಿದರೆ, 224 ಎಂದರೆ ತಲೆಯ ಮೇಲೆ ಓರೆ ಗೀಟಿರುವ ಇಂಗ್ಲಿಷಿನ ಎ. 178 ಎಂದರೆ ಗಣಿತದಲ್ಲಿ ವರ್ಗ ಎಂದು ತೋರಿಸುವ ಪುಟ್ಟ ಎರಡು. 149 ಒಂದು ಕಪ್ಪು ಚುಕ್ಕಿ. ಕನ್ನಡ ಕೆಟ್ಟು ಬಂದಾಗ ಪರದೆ ತುಂಬ ಆ ಗೀಟಿನ ಎ ಕಾಣುತ್ತದಲ್ಲ, ಅದು ಇದೇ. ಕನ್ನಡದ ಅಕ್ಷರಗಳೆಲ್ಲ 224ರಿಂದಲೇ ಶುರುವಾಗುತ್ತವೆ, ಅದಕ್ಕೆ ಪ್ರತಿ ಮೂರನೆಯ ಚಿಹ್ನೆಯಾಗಿ ಅದು ಬರುತ್ತಲೇ ಇರುತ್ತದೆ.

ಹೀಗೆ ಕೆಟ್ಟದ್ದನ್ನು ಬಹುತೇಕ ಸರಿಮಾಡಬಹುದು. ಮೂಲ ಸಂಖ್ಯೆಗಳು ಹಾಗೇ ಇವೆ, ಓದಿದ ರೀತಿ ಮಾತ್ರ ತಪ್ಪು. ನಮ್ಮ ಕಮಲ ಅವರಿಗೆ ಆದದ್ದು ಇದಕ್ಕಿಂತ ಕೆಟ್ಟದ್ದು. ಎಕ್ಸೆಲ್‌ನಲ್ಲಿ ಬರೀ "ಸಿಎಸ್‌ವಿ" ಎಂದು ಆರಿಸಿ ಸೇವ್ ಮಾಡಿದ್ದೆ. ಆಗ ಅದು ಕಂಪ್ಯೂಟರಿನ ಹಳೆಯ ಪಟ್ಟಿಯಲ್ಲಿ ಬರೆಯಲು ಹೋಗುತ್ತದೆ. ಆ ಪಟ್ಟಿಯಲ್ಲಿ ಕ ಇಲ್ಲ, ಮ ಇಲ್ಲ, ಲ ಇಲ್ಲ. ಇಲ್ಲದ್ದಕ್ಕೆಲ್ಲ ಒಂದೊಂದು ಪ್ರಶ್ನೆ ಚಿಹ್ನೆ ಬರೆದು ಮುಗಿಸುತ್ತದೆ. ಕಮಲ ಆದರೂ ಅಷ್ಟೇ, ವನಜ ಆದರೂ ಅಷ್ಟೇ, ಮೂರು ಪ್ರಶ್ನೆ ಚಿಹ್ನೆ. ಆ ಫೈಲಿನಿಂದ ಹೆಸರನ್ನು ಯಾರೂ ಮರಳಿ ಪಡೆಯಲಾರರು. ಸೇವ್ ಮಾಡುವ ಕಡೆಯೇ "ಸಿಎಸ್‌ವಿ ಯುಟಿಎಫ್-8" ಎಂಬ ಇನ್ನೊಂದು ಆಯ್ಕೆ ಇರುತ್ತದೆ. ಅದನ್ನು ಒತ್ತಿದ್ದರೆ ಮುಗಿಯುತ್ತಿತ್ತು. ಮೂಲ ಎಕ್ಸೆಲ್ ಶೀಟ್ ಉಳಿದಿತ್ತು, ಪುಣ್ಯ.

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಪಟ್ಟಿಗಳದ್ದು ಮತ್ತೊಂದು ಕಥೆ. ಅಲ್ಲಿ ಒಳಗಿರುವುದು ಇಂಗ್ಲಿಷ್ ಪಟ್ಟಿಯ ಸಂಖ್ಯೆಗಳೇ, ಫಾಂಟ್ ಅವುಗಳಿಗೆ ಕನ್ನಡದ ಆಕಾರ ತೊಡಿಸುತ್ತದೆ. ಆ ಫಾಂಟ್ ಇಲ್ಲದ ಕಡೆ ಹೆಸರು ಅರ್ಥವಿಲ್ಲದ ಅಕ್ಷರಗಳ ಗುಂಪಾಗುತ್ತದೆ. ಇಂಥದ್ದನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಇವೆ. ಮೊದಲು ತಿರುಗಿಸಿ, ಆಮೇಲೆ ಅಪ್‌ಲೋಡ್ ಮಾಡಿ.

ಸಂಖ್ಯೆಗಳಲ್ಲೂ ಯಂತ್ರ ಇದೇ ಆಟ ಆಡುತ್ತದೆ. 91 ಸೇರಿಸಿದ ಮೊಬೈಲ್ ನಂಬರಿಗೆ 12 ಅಂಕಿ. ಎಕ್ಸೆಲ್ ಅದನ್ನು ತೊಂಬತ್ತು ಸಾವಿರ ಕೋಟಿ ಮೀರಿದ ಮೊತ್ತ ಎಂದುಕೊಂಡು 9.19ಇ+11 ಎಂದು ಚಿಕ್ಕದಾಗಿ ತೋರಿಸುತ್ತದೆ. ಹಾಗೇ ಸಿಎಸ್‌ವಿ ಮಾಡಿದರೆ ಫೈಲಿಗೆ ಹೋಗುವುದು ಆ ಚಿಕ್ಕ ರೂಪವೇ, ಕೊನೆಯ ಅಂಕಿಗಳು ಹೋದವು. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಗಿರಾಕಿಯ ಪಿನ್ 08817 ಇದ್ದದ್ದು 8817 ಆಗುತ್ತದೆ. ಇದರ ಕಾಟ ವಿಜ್ಞಾನಿಗಳಿಗೂ ತಪ್ಪಲಿಲ್ಲ. ಮಾರ್ಚ್1, ಸೆಪ್ಟ್1 ಎಂಬ ಜೀನ್‌ಗಳ ಹೆಸರನ್ನು ಎಕ್ಸೆಲ್ ತಾರೀಕು ಎಂದು ತಿಳಿದು ಬದಲಿಸುತ್ತಿತ್ತು. ಜೀನ್‌ಗಳಿಗೆ ಹೆಸರಿಡುವ ಸಮಿತಿ ಕೊನೆಗೆ ಜೀನ್‌ಗಳ ಹೆಸರನ್ನೇ ಬದಲಾಯಿಸಿತು. ಅಂಥ ಕಾಲಂಗಳನ್ನು "ಟೆಕ್ಸ್ಟ್" ಎಂದು ಮೊದಲೇ ಗುರುತು ಮಾಡಿದರೆ ಊಹೆಗೆ ಅವಕಾಶವಿರುವುದಿಲ್ಲ.

2020ರಲ್ಲಿ ಇಂಗ್ಲೆಂಡಿನಲ್ಲಿ ನಡೆದದ್ದು ಇನ್ನೂ ಗಂಭೀರ. ಲ್ಯಾಬ್‌ಗಳಿಂದ ಬಂದ ಕೋವಿಡ್ ಫಲಿತಾಂಶಗಳ ಫೈಲನ್ನು ಆರೋಗ್ಯ ಇಲಾಖೆ ಹಳೆಯ ಬಗೆಯ ಎಕ್ಸೆಲ್ ಶೀಟಿಗೆ ಎಳೆದುಕೊಳ್ಳುತ್ತಿತ್ತು. ಆ ಶೀಟಿಗೆ 65,536 ಸಾಲಿನ ಮಿತಿ. ಮಿತಿ ಮುಗಿದ ಮೇಲಿನ ಸಾಲುಗಳು ಒಳಗೆ ಬರಲೇ ಇಲ್ಲ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಶುರುವಿನವರೆಗೆ 15,841 ಸೋಂಕಿತರು ಲೆಕ್ಕದಿಂದ ಬಿಟ್ಟುಹೋದರು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು. ಅಪ್‌ಲೋಡ್ ಮಾಡುವ ಮುಂಚೆ ಎಷ್ಟು ಸಾಲು ಇತ್ತು, ಆದ ಮೇಲೆ ಎಷ್ಟಿದೆ ಎಂದು ಎಣಿಸಿ ನೋಡುವುದು ಅರ್ಧ ನಿಮಿಷದ ಕೆಲಸ. ನಾನೀಗ ಅದನ್ನು ಬಿಡುವುದಿಲ್ಲ.

ಮೇಲ್ ಐಡಿ ಸರಿಯಾಗಿ ಒಳಗೆ ಬಂತು ಅಂದುಕೊಳ್ಳೋಣ. ಅದು ಬದುಕಿದೆಯೇ? ಇದನ್ನು ತಿಳಿಯಲು ಒಂದೇ ದಾರಿ, ಬಾಗಿಲು ಬಡಿಯುವುದು. ಕಳಿಸುವ ಸರ್ವರ್ ಎದುರಿನ ಸರ್ವರಿಗೆ ಮೊದಲು ತಾನು ಯಾರೆಂದು ಹೇಳುತ್ತದೆ, ಪತ್ರ ಯಾರಿಂದ ಎಂದು ಹೇಳುತ್ತದೆ, ಯಾರಿಗೆ ಎಂದು ಹೇಳುತ್ತದೆ. ಎದುರಿನದು ಮೂರಂಕಿಯ ಉತ್ತರ ಕೊಡುತ್ತದೆ. 2ರಿಂದ ಶುರುವಾದರೆ ಸರಿ. 4 ಎಂದರೆ ಈಗ ಆಗದು, ಆಮೇಲೆ ಬಾ. 550 ಎಂದರೆ ಅಂಥವರು ಇಲ್ಲಿಲ್ಲ. ಇಂಟರ್ನೆಟ್‌ನ ನಿಯಮಗಳನ್ನು ರೂಪಿಸಿದವರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ 1982ರಲ್ಲಿ ಬರೆದಿಟ್ಟ ಈ ಮಾತುಕತೆ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ನಡೆಯುತ್ತಿದೆ. ನಮ್ಮ ಪಟ್ಟಿಯಲ್ಲಿ 90ಕ್ಕೂ ಜಾಸ್ತಿ ಮೇಲ್ ಹೀಗೆ ಬೌನ್ಸ್ ಆಯಿತು. ಇಂಥವು ಹೆಚ್ಚಾದರೆ ಕಳಿಸುವವರ ಮೇಲೇ ಅನುಮಾನ. ಉದಾಹರಣೆಗೆ ಅಮೆಜಾನ್‌ನ ಮೇಲ್ ಸೇವೆ ನೂರಕ್ಕೆ 5 ಮೀರಿದರೆ ಪರಿಶೀಲನೆಗೆ ಇಳಿಯುತ್ತದೆ, 10 ಮೀರಿದರೆ ಕಳಿಸುವುದನ್ನೇ ನಿಲ್ಲಿಸಬಹುದು.

ನಮ್ಮ ಬೌನ್ಸ್‌ಗಳನ್ನು ಒಂದೊಂದಾಗಿ ನೋಡಿದೆ. ಬಹಳಷ್ಟು ಕೈತಪ್ಪುಗಳು. ಜಿಮೇಲ್‌ನಲ್ಲಿ ಎ ಮತ್ತು ಐ ಅದಲುಬದಲು, ಕಾಂ ಬದಲು ಕಾನ್. ಕೀಬೋರ್ಡಿನಲ್ಲಿ ಎಮ್ ಮತ್ತು ಎನ್ ಅಕ್ಕಪಕ್ಕದ ಮನೆಯವರು. ಫ್ರೆಡ್ರಿಕ್ ಡ್ಯಾಮೆರೋ ಎಂಬ ವಿಜ್ಞಾನಿ 1964ರಲ್ಲೇ ಇದನ್ನು ಗಮನಿಸಿದ್ದರು. ಕಾಗುಣಿತದ ತಪ್ಪುಗಳಲ್ಲಿ ನೂರಕ್ಕೆ ಸುಮಾರು 80 ಒಂದೇ ಒಂದು ಎಡವಟ್ಟಿನಿಂದ ಆಗುತ್ತವೆ. ಒಂದಕ್ಷರ ಬಿಟ್ಟದ್ದು, ಸೇರಿಸಿದ್ದು, ಬದಲಾಯಿಸಿದ್ದು ಅಥವಾ ಅಕ್ಕಪಕ್ಕದ ಎರಡು ಜಾಗ ಬದಲಿಸಿದ್ದು. "ನೀವು ಹೇಳಿದ್ದು ಜಿಮೇಲ್ ಅಲ್ಲವೇ" ಎಂದು ಕೇಳುವ ಯಂತ್ರಗಳ ಹಿಂದೆ ಈ ಲೆಕ್ಕವೇ ಇದೆ. ಆದರೂ ನೋಟ್‌ಬುಕ್ಕುಗಳನ್ನು ತೆಗೆದು, ಅವರದೇ ಕೈಬರಹ ನೋಡಿ ತಿದ್ದುವುದು ನನಗೆ ಹೆಚ್ಚು ಸರಿ ಅನ್ನಿಸಿತು. 60 ವಿಳಾಸ ಹಾಗೆ ಸಿಕ್ಕವು.

ಅಪ್ಪ ತೀರಿಕೊಂಡರೆಂದು ಬರೆದಿದ್ದ ಆ ಮಗಳ ಎರಡು ಸಾಲಿಗೆ ಬರುತ್ತೇನೆ. ಅವರು ಮೊದಲೊಮ್ಮೆ ತಿಳಿಸಿದಾಗ ನಾವು ಹಳೆಯ ಸೇವೆಯಲ್ಲಿ ಅವರ ತಂದೆಯ ಹೆಸರು ತೆಗೆದಿದ್ದೆವು. ಹೊಸದಕ್ಕೆ ಬರುವಾಗ ನಾನು ಹಾಕಿದ್ದು ಮೂಲ ಶೀಟನ್ನು. ಅದರಲ್ಲಿ ಅವರು ಇದ್ದೇ ಇದ್ದರು. ಬೇಡ ಎಂದವರನ್ನು ಸುಮ್ನೆ ಅಳಿಸಿದರೆ ಸಾಲದು ಎಂಬುದು ಇಲ್ಲಿರುವ ವಿಚಿತ್ರ. ಅವರಿಗೆ ಮತ್ತೆ ಕಳಿಸಬಾರದು ಎಂದರೆ ಅವರ ವಿಳಾಸವನ್ನು ನೆನಪಿಟ್ಟುಕೊಂಡಿರಬೇಕು. ಅದಕ್ಕೇ ಒಳ್ಳೆಯ ಸೇವೆಗಳು "ಕಳಿಸಬಾರದವರ" ಪಟ್ಟಿಯೊಂದನ್ನು ಬೇರೆಯೇ ಇಟ್ಟಿರುತ್ತವೆ. ಸೇವೆ ಬದಲಿಸುವಾಗ ಆ ಪಟ್ಟಿಯನ್ನೂ ಹೊತ್ತು ತರಬೇಕು. ನಾನು ತಂದಿರಲಿಲ್ಲ.

ಒಪ್ಪಿಗೆಯ ಈ ಪ್ರಶ್ನೆ ಇಮೇಲ್‌ನಷ್ಟೇ ಹಳೆಯದು. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥರ್ಕ್ ಹೊಸ ಕಂಪ್ಯೂಟರಿನ ಪ್ರಚಾರಕ್ಕೆ ಇಂಟರ್ನೆಟ್‌ಗಿಂತ ಮುಂಚಿನ ಜಾಲವಾದ ಆರ್ಪಾನೆಟ್‌ನ ಸುಮಾರು 400 ಜನರಿಗೆ ಒಟ್ಟಿಗೆ ಮೇಲ್ ಮಾಡಿದರು. ವಿಳಾಸಗಳನ್ನು ಮುದ್ರಿತ ಡೈರೆಕ್ಟರಿ ನೋಡಿ ಟೈಪ್ ಮಾಡಿಸಿದ್ದರು, ಯಾರನ್ನೂ ಕೇಳಿರಲಿಲ್ಲ. ವಿಳಾಸಗಳು ಮೇಲಿನ ಖಾನೆಯಲ್ಲಿ ಹಿಡಿಸದೆ ಪತ್ರದ ಒಳಕ್ಕೇ ಉಕ್ಕಿ ಹರಿದವು. ಓದಿದವರು ಸಿಟ್ಟಾದರು. ಮೊದಲ ಸ್ಪ್ಯಾಮ್ ಎಂದು ಇಂದು ನೆನೆಯುವುದು ಇದನ್ನೇ. ಈಗ ಗೂಗಲ್ ಹಾಕಿರುವ ಮಿತಿ ಸಾವಿರಕ್ಕೆ ಮೂರು, ಅದಕ್ಕಿಂತ ಜಾಸ್ತಿ ಜನ ನಿಮ್ಮ ಮೇಲನ್ನು ಸ್ಪ್ಯಾಮ್ ಎಂದು ಒತ್ತುವಂತಿಲ್ಲ. ನಮ್ಮ ದೇಶದ 2023ರ ದತ್ತಾಂಶ ರಕ್ಷಣೆಯ ಕಾಯ್ದೆ ಹೇಳುವುದೂ ಇದನ್ನೇ: ಒಪ್ಪಿಗೆ ಸ್ಪಷ್ಟವಾಗಿರಬೇಕು, ಕೊಡುವುದು ಎಷ್ಟು ಸುಲಭವೋ ಹಿಂದೆ ಪಡೆಯುವುದೂ ಅಷ್ಟೇ ಸುಲಭವಾಗಿರಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡದಲ್ಲೇ ಓದುವ ಆಯ್ಕೆಯೂ ನಮಗಿರಬೇಕು ಎನ್ನುತ್ತದೆ ಅದು.

ಈ ವರ್ಷ ಮಿಡಿ ಬರುವ ಹೊತ್ತಿಗೆ ಶೀಟಿನಲ್ಲಿ ಇನ್ನೂ ಎರಡು ಕಾಲಂ ಹೆಚ್ಚಿದ್ದವು. ಯಾವ ಮೇಳದಲ್ಲಿ, ಯಾವ ದಿನ ಅವರು ಹೆಸರು ಬರೆದರು ಎಂಬುದು ಒಂದು. ಕಳಿಸಬಹುದೇ ಬೇಡವೇ ಎಂಬುದು ಇನ್ನೊಂದು. ಅಪ್‌ಲೋಡ್ ಒತ್ತಲು ಹೋದಾಗ ಅತ್ತಿಗೆ ಪಕ್ಕದಲ್ಲೇ ಕೂತಿದ್ದರು. "ಮೊದ್ಲು ಬೇಡ ಅಂದವರ ಫೈಲ್ ಹಾಕು ತಮ್ಮಾ" ಅಂದರು. ಹಾಕಿದೆವು, 43 ಸಾಲು. ಎಣಿಸಿದೆವು, 43 ಬಂದಿತ್ತು. ಆಮೇಲೆ ಮೂಲ ಪಟ್ಟಿಯ ಹತ್ತೇ ಸಾಲು ಹಾಕಿ ಪರೀಕ್ಷೆಯ ಮೇಲ್ ತೆರೆದೆ. ನಾಲ್ಕನೆಯದು ಹೀಗೆ ಶುರುವಾಗಿತ್ತು: ನಮಸ್ಕಾರ ಕಮಲ.