ಬೇರೆ ಲೋಟ, ಬೇರೆ ಕೋರ್ಟು

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಮಂಡ್ಯ ಕಡೆಯ ಒಂದು ಊರಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿ ಇತ್ತು. ಮೊದಲ ಬಹುಮಾನ ಹದಿನೈದು ಸಾವಿರ, ಜೊತೆಗೊಂದು ಟಗರು. ಆ ಟಗರನ್ನು ಬೌಂಡರಿ ಪಕ್ಕದ ಹೊಂಗೆ ಮರಕ್ಕೆ ಕಟ್ಟಿದ್ದರು. ಫೀಲ್ಡಿಂಗ್ ಮಾಡುವವರಿಗೂ ಅದರ ಮೇಲೇ ಕಣ್ಣು. ನಾವು ಮೈಸೂರಿನಿಂದ ಎರಡು ಓಮ್ನಿಯಲ್ಲಿ ಹೋಗಿದ್ದೆವು. ನಮ್ಮ ಮುಖ್ಯ ಬೌಲರ್ ಮಾತ್ರ ಆ ಕಡೆಯವನೇ, ಪಕ್ಕದ ಊರಿನವನು.

ಕ್ವಾರ್ಟರ್ ಫೈನಲ್ ಗೆದ್ದು ಶಾಮಿಯಾನದ ಕೆಳಗೆ ಬಂದು ಕೂತೆವು. ನಮಗೆಲ್ಲ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಬಂತು. ಅವನಿಗೆ ಮಾತ್ರ ಪ್ಲಾಸ್ಟಿಕ್ ಲೋಟ. ಅವನು ಯಾವ ಕೇರಿಯವನು ಅಂತ ಮಜ್ಜಿಗೆ ಹಂಚುವವರಿಗೆ ಗೊತ್ತಿತ್ತು. ನಮ್ಮ ಕ್ಯಾಪ್ಟನ್ "ಕಿಟ್ ಎತ್ರೋ, ಹೊರಡೋಣ" ಅಂದ. ತಡೆದವನು ಆ ಬೌಲರೇ. "ಬುಡಣ್ಣ, ನಂಗಿದೇನ್ ಹೊಸ್ದಾ? ಆಡಾವ ಬಾ" ಅಂದ. ನಾವು ಆಡಿದೆವು. ಸೆಮಿಫೈನಲ್ ಗೆದ್ದೆವು, ಫೈನಲ್ ಸೋತೆವು. ಟಗರು ಬೇರೆಯವರ ಪಾಲಾಯಿತು.

ಅವನು ಆಡೋಣ ಅಂದದ್ದರಿಂದ ನಾವು ಆಡಿದ್ದು ಸರಿಯಾಯಿತಾ? ಇದನ್ನು ನಾನು ಆಗಾಗ ಕೇಳಿಕೊಳ್ಳುತ್ತೇನೆ. ಜಗತ್ತಿನ ದೊಡ್ಡ ದೊಡ್ಡ ಆಟಗಾರರಿಗೂ ಇದೇ ಪ್ರಶ್ನೆ ಎದುರಾಗಿದೆ.

2009ರ ಫೆಬ್ರವರಿ. ದುಬೈನಲ್ಲಿ ಮಹಿಳೆಯರ ಟೆನಿಸ್ ಟೂರ್ನಿ ಶುರುವಾಗುವ ಹೊತ್ತಿಗೆ ಇಸ್ರೇಲಿನ ಶಹರ್ ಪಿಯರ್‌ಗೆ ಯುಎಇ ವೀಸಾ ಕೊಡಲಿಲ್ಲ. ಗಾಜಾದಲ್ಲಿ ಆಗಷ್ಟೇ ಯುದ್ಧ ನಡೆದಿತ್ತು, ಆಕೆ ಆಡಿದರೆ ಜನ ರೊಚ್ಚಿಗೇಳುತ್ತಾರೆ ಅನ್ನುವುದು ಸಂಘಟಕರ ಸಮಜಾಯಿಷಿ. ಉಳಿದ ಆಟಗಾರ್ತಿಯರು ಆಗಲೇ ದುಬೈ ತಲುಪಿದ್ದರು. ಟೂರ್ನಿಯನ್ನೇ ನಿಲ್ಲಿಸುವ ಮಾತೂ ಬಂತು. ಆದರೆ ತನ್ನಿಂದ ಬೇರೆಯವರಿಗೆ ನಷ್ಟ ಆಗುವುದು ಬೇಡ ಅಂತ ಪಿಯರ್ ಹೇಳಿದಳು ಎಂದು ಮಹಿಳಾ ಟೆನಿಸ್ ಸಂಘದ ಮುಖ್ಯಸ್ಥ ಲ್ಯಾರಿ ಸ್ಕಾಟ್ ತಿಳಿಸಿದರು. ಅಲ್ಲಿಗೆ ಆಟ ನಡೆಯಿತು. "ಬುಡಣ್ಣ, ಆಡಾವ ಬಾ" ಅನ್ನುವುದರ ದುಬೈ ರೂಪ ಇದು.

ಕಪ್ ಗೆದ್ದವರು ವೀನಸ್ ವಿಲಿಯಮ್ಸ್. ಬಹುಮಾನ ತೆಗೆದುಕೊಳ್ಳುವಾಗ, ಸಂಘಟಕರ ಎದುರಿನಲ್ಲೇ ಪಿಯರ್ ಇಲ್ಲದ್ದನ್ನು ಎತ್ತಿ ಆಡಿದರು. ಸಂಘ ಟೂರ್ನಿಗೆ 3 ಲಕ್ಷ ಡಾಲರ್ ದಂಡ ಹಾಕಿತು. ಅದರಲ್ಲಿ 44,250 ಡಾಲರ್ ಪಿಯರ್‌ಗೆ ಹೋಯಿತು. ಒಂದು ಟಿವಿ ಚಾನೆಲ್ ಪ್ರಸಾರ ಮಾಡಲಿಲ್ಲ, ಒಂದು ಪತ್ರಿಕೆ ಪ್ರಾಯೋಜಕತ್ವ ವಾಪಸ್ ತೆಗೆದುಕೊಂಡಿತು. ಮುಂದಿನ ವಾರ ಅಲ್ಲೇ ಗಂಡಸರ ಟೂರ್ನಿ ಇತ್ತು. ಅದಕ್ಕೆ ಇಸ್ರೇಲಿನ ಆ್ಯಂಡಿ ರಾಮ್‌ಗೆ ವೀಸಾ ಸಿಕ್ಕಿತು. ಆದರೂ ಹಿಂದಿನ ವರ್ಷದ ಚಾಂಪಿಯನ್ ಆ್ಯಂಡಿ ರಾಡಿಕ್ ನಾನು ಬರುವುದಿಲ್ಲ ಅಂದರು. ಪಿಯರ್‌ಗೆ ಆದದ್ದು ಸರಿಯಿಲ್ಲ ಅನ್ನುವುದೇ ಕಾರಣ. ಆಕೆ ಅವರ ದೇಶದವಳೂ ಅಲ್ಲ, ಅವರ ಟೂರ್ನಿಯವಳೂ ಅಲ್ಲ.

ಈ ಕಥೆಯನ್ನು ಮೈಸೂರಿನ ಓವಲ್ ಮೈದಾನದ ಹತ್ತಿರ ಟೀ ಕುಡಿಯುತ್ತಾ ಗೆಳೆಯನೊಬ್ಬನಿಗೆ ಹೇಳಿದೆ. "ಒಬ್ಬ ಬರಲಿಲ್ಲ ಅಂತ ದುಬೈ ನಿಂತುಹೋಯ್ತಾ? ಆಟಗಾರ ಅಂದ್ಮೇಲೆ ಆಡ್ಬೇಕಪ್ಪ" ಅಂದ. ನಿಲ್ಲಲಿಲ್ಲ, ನಿಜ. ಆ ವರ್ಷ ಜೊಕೊವಿಚ್ ಗೆದ್ದರು.

ಬಹಿಷ್ಕಾರ ಅನ್ನುವ ಪದವೇ ನಮ್ಮ ಕಡೆ ವಿಚಿತ್ರ. ಪೇಪರಿನಲ್ಲಿ ಚುನಾವಣೆ ಬಹಿಷ್ಕಾರ, ತರಗತಿ ಬಹಿಷ್ಕಾರ ಅಂತ ಓದುತ್ತೇವೆ. ಅದು ಪ್ರತಿಭಟನೆ. ಹಳ್ಳಿಯಲ್ಲಿ ಅದೇ ಪದಕ್ಕೆ ಬೇರೆ ಅರ್ಥ. ಒಂದು ಮನೆಯವರನ್ನು ಊರೇ ಹೊರಗಿಡುವುದು, ಅಂಗಡಿಯಲ್ಲಿ ಸಾಮಾನು ಕೊಡದಿರುವುದು, ಮಾತಾಡಿಸಿದವರಿಗೂ ದಂಡ ಹಾಕುವುದು. ಇಂಗ್ಲಿಷಿನ ಬಾಯ್ಕಾಟ್ ಕೂಡ ಇಂಥದ್ದರಿಂದಲೇ ಬಂತು. 1880ರಲ್ಲಿ ಐರ್ಲೆಂಡಿನ ರೈತರು ಜಮೀನ್ದಾರನ ಏಜೆಂಟ್ ಚಾರ್ಲ್ಸ್ ಬಾಯ್ಕಾಟ್ ಎಂಬಾತನನ್ನು ಹೀಗೇ ಹೊರಗಿಟ್ಟರು. ಅಲ್ಲಿ ಅದು ಬಡವರ ಕೈಗೆ ಸಿಕ್ಕ ಆಯುಧ. ಇಲ್ಲಿ ಬಹಳ ಸಲ ಬಲಾಢ್ಯರ ಕೈಯಲ್ಲೇ ಉಳಿದಿದೆ. ಆಟಗಾರರು ಟೂರ್ನಿ ಬಿಟ್ಟು ಹೊರಡುವ ಹೊತ್ತಿಗೆ ಒಂದು ಬಹಿಷ್ಕಾರ ಆಗಲೇ ಆಗಿರುತ್ತದೆ, ಅಲ್ವಾ? ಅದನ್ನು ಯಾರೂ ಆ ಹೆಸರಿನಿಂದ ಕರೆದಿರುವುದಿಲ್ಲ, ಅಷ್ಟೇ.

ನಮ್ಮ ದೇಶದಲ್ಲೇ ಇದರ ಹಳೆಯ ಉದಾಹರಣೆ ಇದೆ. ಪಲ್ವಂಕರ್ ಬಾಳೂ ಧಾರವಾಡದಲ್ಲಿ ಹುಟ್ಟಿದವರು, ದಲಿತ ಕುಟುಂಬದವರು, ಎಡಗೈ ಸ್ಪಿನ್ನರ್. ಪುಣೆಯಲ್ಲಿ ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು. ಟೀ ಮಾತ್ರ ಪೆವಿಲಿಯನ್ ಹೊರಗೆ, ಮಣ್ಣಿನ ಲೋಟದಲ್ಲಿ. ನಮ್ಮ ಮಜ್ಜಿಗೆ ಲೋಟಕ್ಕೂ ಅದಕ್ಕೂ ನೂರು ವರ್ಷಕ್ಕಿಂತ ಜಾಸ್ತಿ ಅಂತರ. ಮಣ್ಣು ಹೋಗಿ ಪ್ಲಾಸ್ಟಿಕ್ ಬಂದಿತ್ತು. 1911ರಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋದಾಗ ಬಾಳೂ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಆದರೂ ಮುಂಬೈನ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. 1920ರಲ್ಲಿ ತಂಡದಿಂದಲೇ ಕೈಬಿಟ್ಟರು. ಆಗ ಅವರ ತಮ್ಮಂದಿರಾದ ವಿಠ್ಠಲ್ ಮತ್ತು ಶಿವರಾಂ ನಾವೂ ಆಡುವುದಿಲ್ಲ ಅಂತ ಹೊರಬಂದರು. ಇಬ್ಬರೂ ತಂಡಕ್ಕೆ ಬೇಕಾದ ಬ್ಯಾಟ್ಸ್‌ಮನ್‌ಗಳು. ಗಲಾಟೆ ಎದ್ದಿತು, ರಾಜಿ ಆಯಿತು, ಬಾಳೂ ಉಪನಾಯಕರಾಗಿ ವಾಪಸ್ ಬಂದರು. 1923ರಲ್ಲಿ ವಿಠ್ಠಲ್ ಅದೇ ತಂಡದ ನಾಯಕರಾದರು. ಒಡಹುಟ್ಟಿದವರು ಹೊರಬಂದದ್ದು ಸಹಜ ಅನ್ನಬಹುದು. ಉಳಿದವರು ಒಳಗೇ ಇದ್ದರು ಅನ್ನುವುದನ್ನೂ ಜೊತೆಗೇ ಹೇಳಬೇಕು.

ದಕ್ಷಿಣ ಆಫ್ರಿಕಾದ ಕಥೆ ಎಲ್ಲಕ್ಕಿಂತ ದೊಡ್ಡದು. ಕೇಪ್‌ಟೌನಿನಲ್ಲಿ ಹುಟ್ಟಿದ ಕ್ರಿಕೆಟಿಗ ಬೇಸಿಲ್ ಡಿ'ಒಲಿವೆರಾ ಬಿಳಿಯರಲ್ಲ ಅನ್ನುವ ಕಾರಣಕ್ಕೆ ತಮ್ಮ ದೇಶಕ್ಕೆ ಆಡಲಾಗದೆ ಇಂಗ್ಲೆಂಡಿಗೆ ಹೋದರು. 1968ರಲ್ಲಿ ಓವಲ್‌ನಲ್ಲಿ ಆಸ್ಟ್ರೇಲಿಯಾ ಮೇಲೆ 158 ಹೊಡೆದರು. ಆದರೂ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಮೊದಲು ಅವರನ್ನು ಆರಿಸಲಿಲ್ಲ. ಟಾಮ್ ಕಾರ್ಟ್‌ರೈಟ್ ಗಾಯಗೊಂಡು ಹೊರಗುಳಿದ ಮೇಲೆ ಜಾಗ ಸಿಕ್ಕಿತು. ಇಂಥ ತಂಡ ನಮಗೆ ಬೇಡ ಅಂತ ಅಲ್ಲಿನ ಪ್ರಧಾನಿ ಫೋರ್‌ಸ್ಟರ್ ಹೇಳಿದರು. ಪ್ರವಾಸ ರದ್ದಾಯಿತು.

ನನಗೆ ಇದಕ್ಕಿಂತ ಜಾಸ್ತಿ ನೆನಪಾಗುವುದು 1971ರ ಏಪ್ರಿಲ್‌ನ ಒಂದು ಬೆಳಗ್ಗೆ. ಕೇಪ್‌ಟೌನಿನ ನ್ಯೂಲ್ಯಾಂಡ್ಸ್ ಮೈದಾನ. ಒಂದು ಎಸೆತ ಆಯಿತು. ಆಮೇಲೆ ಆಟಗಾರರು ಮೈದಾನದಿಂದ ಹೊರಗೆ ನಡೆದರು. ಮೈಕ್ ಪ್ರಾಕ್ಟರ್, ಬ್ಯಾರಿ ರಿಚರ್ಡ್ಸ್, ಗ್ರೇಮ್ ಪೊಲಾಕ್, ಎಲ್ಲರೂ ಬಿಳಿಯರೇ. ಆಸ್ಟ್ರೇಲಿಯಾ ಪ್ರವಾಸಕ್ಕೆ ಕಪ್ಪು ಆಟಗಾರರನ್ನು ಕರೆದುಕೊಂಡು ಹೋಗಲು ಸರ್ಕಾರ ಒಪ್ಪಿರಲಿಲ್ಲ. ಆಯ್ಕೆಗೆ ಆಟ ಒಂದೇ ಮಾನದಂಡ ಆಗಬೇಕು ಅಂತ ಹೇಳಿಕೆ ಕೊಟ್ಟು, ಮತ್ತೆ ಬಂದು ಆಡಿದರು. ಸ್ವಲ್ಪ ಹೊತ್ತಿನ ಪ್ರತಿಭಟನೆ ಅಷ್ಟೇ, ಅದೂ ತಡವಾಗಿ. ಅಷ್ಟರಲ್ಲಿ ಜಗತ್ತು ಬಾಗಿಲು ಹಾಕಿಕೊಂಡಾಗಿತ್ತು. ಬ್ಯಾರಿ ರಿಚರ್ಡ್ಸ್ ಆಡಿದ್ದು ಬರೀ 4 ಟೆಸ್ಟ್, ಸರಾಸರಿ 72 ದಾಟಿತ್ತು.

ಭಾರತವೂ ಬೆಲೆ ಕೊಟ್ಟಿದೆ. 1974ರಲ್ಲಿ ನಾವು ದೇಶ ದೇಶಗಳ ನಡುವಿನ ಟೆನಿಸ್ ಟೂರ್ನಿಯಾದ ಡೇವಿಸ್ ಕಪ್ ಫೈನಲ್ ತಲುಪಿದೆವು. ವಿಜಯ್ ಅಮೃತರಾಜ್, ಆನಂದ್ ಅಮೃತರಾಜ್ ಅಣ್ಣತಮ್ಮಂದಿರು ಒಳ್ಳೇ ಲಯದಲ್ಲಿದ್ದರು. ಎದುರಾಳಿ ದಕ್ಷಿಣ ಆಫ್ರಿಕಾ. ವರ್ಣಭೇದ ನೀತಿಯ ವಿರುದ್ಧ ನಾವು ಆಡುವುದಿಲ್ಲ ಅಂದೆವು, ಕಪ್ ಅವರಿಗೆ ಹೋಯಿತು. ನಮಗೆ ಇವತ್ತಿನವರೆಗೂ ಡೇವಿಸ್ ಕಪ್ ಸಿಕ್ಕಿಲ್ಲ. ಆ ನಿರ್ಧಾರ ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಅದು ದೆಹಲಿಯ ಮೇಜಿನ ಮೇಲೆ ಆದ ನಿರ್ಧಾರ, ಕಪ್ ಕಳೆದುಕೊಂಡವರು ಮಾತ್ರ ಆಟಗಾರರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲೂ ಹಾಗೇ ಆಯಿತು. ನ್ಯೂಜಿಲೆಂಡಿನ ರಗ್ಬಿ ತಂಡ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಆಡಿದ್ದಕ್ಕೆ ಆಫ್ರಿಕಾದ ದೇಶಗಳು ಹೊರನಡೆದವು. 1500 ಮೀಟರ್ ವಿಶ್ವದಾಖಲೆ ತಾಂಜಾನಿಯಾದ ಫಿಲ್ಬರ್ಟ್ ಬಾಯಿ ಹೆಸರಿನಲ್ಲಿದ್ದರೂ ಅವರು ಓಡಲಿಲ್ಲ. ಚಿನ್ನ ಗೆದ್ದವರು ಜಾನ್ ವಾಕರ್. ಅವರು ನ್ಯೂಜಿಲೆಂಡಿನವರೇ!

ಹೋಗಿ ಆಡಿಯೇ ತಿದ್ದಬೇಕು ಅಂದವರೂ ಇದ್ದಾರೆ. ಅಮೆರಿಕದ ಕಪ್ಪು ಟೆನಿಸ್ ಆಟಗಾರ ಆರ್ಥರ್ ಆ್ಯಶ್‌ಗೆ ದಕ್ಷಿಣ ಆಫ್ರಿಕಾ ಹಲವು ಸಲ ವೀಸಾ ಕೊಡಲಿಲ್ಲ. 1973ರಲ್ಲಿ ಕೊಟ್ಟಾಗ, ಪ್ರೇಕ್ಷಕರನ್ನು ಬಣ್ಣ ನೋಡಿ ಬೇರೆ ಬೇರೆ ಕೂರಿಸಬಾರದು ಅಂತ ಷರತ್ತು ಹಾಕಿ ಹೋದರು. ಫೈನಲ್ ತನಕ ಆಡಿದರು. ಹೊಗಳಿಕೆಯೂ ಬಂತು, ಬೈಗುಳವೂ ಬಂತು. ಮುಂದೆ ಅವರೇ ಬಹಿಷ್ಕಾರದ ಪರ ನಿಂತರು.

1991ರ ನವೆಂಬರ್ 10ರಂದು ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಕ್ರಿಕೆಟ್ಟಿನ ಆ ಬಾಗಿಲು ಮತ್ತೆ ತೆರೆಯಿತು. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಆಗ ತಂಡಕ್ಕೆ ಹೊಸಬರು, ಆ ಪಂದ್ಯದಲ್ಲಿ ಅವರೂ ಇದ್ದರು. ನಮ್ಮ ಮನೆಯಲ್ಲಿ ಎಲ್ಲರೂ ನೋಡಿದ್ದು ಅವರನ್ನೇ. ಎದುರಿಗಿದ್ದವರು ಇಪ್ಪತ್ತೊಂದು ವರ್ಷ ಯಾಕೆ ಆಡಿರಲಿಲ್ಲ ಅಂತ ಯಾರೂ ಕೇಳಲಿಲ್ಲ.

ಆಟಗಾರರೇ ಒಟ್ಟಾಗಿ ಎದ್ದರೆ ಏನಾಗುತ್ತದೆ ಅನ್ನುವುದಕ್ಕೆ 1973ರ ವಿಂಬಲ್ಡನ್ ಇದೆ. ನಿಕೋಲಾ ಪಿಲಿಚ್ ಎಂಬ ಒಬ್ಬ ಆಟಗಾರನ ಅಮಾನತು ವಿರೋಧಿಸಿ 81 ಜನ ಹೊರಬಂದರು. ಅದು ಭೇದಭಾವದ ವಿಷಯ ಅಲ್ಲ, ದೇಶದ ತಂಡಕ್ಕೆ ಆಡಲಿಲ್ಲ ಅನ್ನುವ ಜಗಳ. ಆದರೆ ಆಟಗಾರರಿಗೆ ಸಂಘ ಅಂತ ಒಂದಿತ್ತು, ಅದಕ್ಕೇ ಆಯಿತು. 2017ರಲ್ಲಿ ಚೆಸ್ಸಿಗೆ ಅಂಥ ಬಲ ಇರಲಿಲ್ಲ. ಸೌದಿ ಅರೇಬಿಯಾದ ರಿಯಾದ್‌ನ ವಿಶ್ವ ರ್‍ಯಾಪಿಡ್ ಟೂರ್ನಿಗೆ ಇಸ್ರೇಲಿನ ಆಟಗಾರರಿಗೆ ವೀಸಾ ಸಿಗಲಿಲ್ಲ. ಹೆಂಗಸರನ್ನು ಎರಡನೇ ದರ್ಜೆಯವರಂತೆ ನೋಡುವ ಕಡೆ ಹೋಗಲ್ಲ ಅಂತ ಉಕ್ರೇನಿನ ಅನ್ನಾ ಮುಜಿಚುಕ್ ತಮ್ಮ ಎರಡು ವಿಶ್ವ ಪಟ್ಟಗಳನ್ನು ಬಿಟ್ಟುಕೊಟ್ಟರು. ಅದೇ ರಿಯಾದ್‌ನಲ್ಲಿ ರ್‍ಯಾಪಿಡ್ ಗೆದ್ದವರು ನಮ್ಮ ವಿಶ್ವನಾಥನ್ ಆನಂದ್. ನಾನೂ ಅವತ್ತು ಕುಣಿದಾಡಿದೆ. ವೀಸಾ ವಿಷಯ ಗೊತ್ತಿತ್ತು, ಸುಮ್ನೆ ಪಕ್ಕಕ್ಕಿಟ್ಟೆ.

ಪಿಯರ್ 2010ರಲ್ಲಿ ದುಬೈಗೆ ಹೋದಳು. ಆದರೆ ಆಕೆಯ ಪಂದ್ಯಗಳನ್ನೆಲ್ಲ ಮುಖ್ಯ ಅಂಗಳದಿಂದ ದೂರದ ಕೋರ್ಟಿನಲ್ಲಿ, ಬಿಗಿ ಪಹರೆಯಲ್ಲಿ ಆಡಿಸಿದರು. ಆಕೆ ಸೆಮಿಫೈನಲ್ ತನಕ ಬಂದಳು. ವೀನಸ್ ಅಲ್ಲಿಗೇ ಹೋಗಿ ಆಡಿ ಗೆದ್ದರು.

ಒಬ್ಬರಿಗೆ ಅವಮಾನ ಆದಾಗ ಏನು ಮಾಡಬೇಕು ಅಂತ ಅವರನ್ನೇ ಕೇಳುವುದು ನ್ಯಾಯ ಅಂತ ನಾವು ಅಂದುಕೊಳ್ಳುತ್ತೇವೆ. ಎಲ್ಲರ ನಷ್ಟದ ಹೊರೆಯನ್ನೂ ಅವರ ತಲೆಗೇ ಹೊರಿಸುತ್ತಿದ್ದೇವೆ ಅಂತ ನನಗೀಗ ಅನ್ನಿಸುತ್ತದೆ. ಬೇಡ ಅನ್ನದೆ ಅವರಿಗೆ ಬೇರೆ ದಾರಿ ಎಲ್ಲಿದೆ? ರಾಡಿಕ್ ಆಗಲಿ, ಬಾಳೂ ತಮ್ಮಂದಿರಾಗಲಿ ಹೊರಡುವಾಗ ಆ ಹೊರೆಯನ್ನು ತಾವೇ ಹೊತ್ತರು.

ಮಾರನೇ ವರ್ಷ ಅದೇ ಊರಿನ ಟೂರ್ನಿಯ ಪಾಂಪ್ಲೆಟ್ ವಾಟ್ಸ್‌ಆ್ಯಪಿನಲ್ಲಿ ಬಂತು. ಬೌಲರ್‌ಗೆ ಫೋನ್ ಮಾಡಿದೆ. "ಇಲ್ಲ ಕಣಣ್ಣ, ಆಲೆಮನೇಲಿ ಕೆಲ್ಸ ಅದೆ" ಅಂದ. ನಾವು ಹನ್ನೊಂದು ಜನ ಹೇಗೋ ಹೊಂದಿಸಿಕೊಂಡು ಹೋದೆವು.