ಪಾಯ ತೋಡುವಾಗ ಪಕ್ಕದಲ್ಲಿ ಯಾರಿದ್ದಾರೆ?

ಶ್ರೀರಂಗಪಟ್ಟಣದ ಕೋಟೆಯೊಳಗೆ ಮನೆಗೆ ಪಾಯ ತೋಡುವುದೆಂದರೆ ಅರ್ಧ ಉತ್ಖನನ ಮಾಡಿದಂತೆಯೇ. 1610ರಲ್ಲಿ ರಾಜ ಒಡೆಯರ ಕೈಸೇರಿದ ಊರು, ಹೈದರ್–ಟಿಪ್ಪು ಕಾಲದ ರಾಜಧಾನಿ, 1799ರ ಮೇ 4ರ ಲಗ್ಗೆ ಎಲ್ಲವೂ ಒಂದೇ ನೆಲದ ಮೇಲೆ ನಡೆದವು. ಟಿಪ್ಪುವಿನ ಲಾಲ್ ಮಹಲನ್ನೇ ನೋಡಿ. ಇಲ್ಲಿ ಉಳಿದದ್ದು ತಳಪಾಯ ಮಾತ್ರ. ಅರಮನೆಯ ಆಕಾರ ತಿಳಿಯಬೇಕಾದರೆ ಮಣ್ಣನ್ನೇ ಕೇಳಬೇಕು.

ಆ ಮಣ್ಣನ್ನು ಮೊದಲು ದೊಡ್ಡದಾಗಿ ಕಡಿದದ್ದು ರೈಲು. 1882ರಲ್ಲಿ ಮೈಸೂರು ತಲುಪಿದ ಹಳಿ ಕೋಟೆಯನ್ನು ಸೀಳಿಕೊಂಡೇ ಹೋಯಿತು. 2017ರಲ್ಲಿ ಜೋಡಿ ಮಾರ್ಗಕ್ಕೆ ಟಿಪ್ಪುವಿನ ಶಸ್ತ್ರಾಗಾರವೊಂದು ಅಡ್ಡವಾದಾಗ, ಸುಮಾರು 1000 ಟನ್ ತೂಕದ ಆ ಕಟ್ಟಡವನ್ನು ಒಡೆಯದೆ ಸುಮಾರು 130 ಮೀಟರ್ ಆಚೆಗೆ ಸರಿಸಿದರು. ಊರೇ ನಿಂತು ನೋಡುವಂಥ ಸಾಹಸ, ನಿಜ. ಆದರೆ ಮದ್ದುಗುಂಡು ಇಡಲು ಆ ಜಾಗವನ್ನೇ ಏಕೆ ಆರಿಸಿದ್ದರು ಎಂಬುದು ಕಟ್ಟಡದ ಜೊತೆ ಸರಿಯಲಿಲ್ಲ.

ನಮ್ಮ ಕಾನೂನು ಟೇಪು ಹಿಡಿದು ಅಳೆಯುತ್ತದೆ. ಪುರಾತನ ಸ್ಮಾರಕಗಳ ರಕ್ಷಣೆಗೆಂದು ಬಂದ 1958ರ ಕೇಂದ್ರ ಕಾಯ್ದೆಯಡಿ 1992ರಲ್ಲಿ ಹೊರಟ ಅಧಿಸೂಚನೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತ, ಅದರಾಚೆಯ 200 ಮೀಟರನ್ನು ನಿಯಂತ್ರಿತ ವಲಯವೆಂದು ಸಾರಿತು. 2010ರ ತಿದ್ದುಪಡಿ ಅದನ್ನು ಕಾಯ್ದೆಯೊಳಗೇ ಸೇರಿಸಿ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವನ್ನೂ ತಂದಿತು. ನಿಷೇಧಿತ ವಲಯದಲ್ಲಿ ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ಸೋರುವ ಸೂರಿನಡಿ ಕುಳಿತವರ ಸಿಟ್ಟು ಸಕಾರಣವೇ. ವಿಚಿತ್ರವೆಂದರೆ, ಇಷ್ಟು ಬಿಗಿಯಾದ ಅಳತೆಯೆಲ್ಲ ನೆಲದ ಮೇಲೆ ನಿಂತಿರುವ ಸ್ಮಾರಕದಿಂದ ಶುರುವಾಗುತ್ತದೆ. ನಿರಾಕ್ಷೇಪಣಾ ಪತ್ರ ಕೈಗೆ ಬಂದ ಮೇಲೆ ಗುಂಡಿಯೊಳಗೆ ಇಣುಕುವವರು ಯಾರು?

ನಿಧಿಗೆ ಬೇರೆ ಕಾಯ್ದೆಯಿದೆ. ಹೊನ್ನು ಸಿಕ್ಕರೆ ಅಧಿಕಾರಿಗಳು ಬರುತ್ತಾರೆ. ಒಡೆದ ಮಡಕೆ, ಸುಟ್ಟ ಇಟ್ಟಿಗೆ, ಬೂದಿಯ ಪದರಕ್ಕೆ ಬರುವುದು ಮಣ್ಣು ಸಾಗಿಸುವ ಟ್ರ್ಯಾಕ್ಟರ್. ಕೆಲಸ ನಿಂತೀತೆಂಬ ಭಯಕ್ಕೆ ಮಾಲೀಕರೂ ಬಾಯಿ ಬಿಡುವುದಿಲ್ಲ.

ಇಂಗ್ಲೆಂಡಿನಲ್ಲಿ 1990ರ ಸರ್ಕಾರಿ ಮಾರ್ಗಸೂಚಿಯ ನಂತರ, ಹಳೆಯ ಪಟ್ಟಣಗಳಲ್ಲಿ ಅಗೆಯುವ ಹೊತ್ತಿಗೆ ಪುರಾತತ್ವಜ್ಞರನ್ನು ನಿಲ್ಲಿಸಬೇಕೆಂಬ ಷರತ್ತನ್ನು ಕಟ್ಟಡದ ಅನುಮತಿಗೇ ಸೇರಿಸುವುದು ರೂಢಿಯಾಯಿತು. ಖರ್ಚು ಕಟ್ಟಿಸುವವರದು. ಎರಡು ಕೋಣೆಯ ಮನೆ ಕಟ್ಟುವವರ ಮೇಲೆ ಇಲ್ಲಿ ಆ ಹೊರೆ ಹೊರಿಸಲಾಗದು. ಅದನ್ನು ಸರ್ಕಾರವೇ ಭರಿಸಬೇಕು. ಕೆಲಸವೂ ಭಾರಿಯದಲ್ಲ. ಜೆಸಿಬಿಗೆ ಹಲ್ಲಿಲ್ಲದ ಬಕೆಟ್ ಹಾಕಿಸಿ, ಪದರ ಪದರವಾಗಿ ಕೆರೆಸಿ, ಮಣ್ಣಿನ ಬಣ್ಣ ಬದಲಾದಲ್ಲಿ ತಡೆದು, ಅಳೆದು, ಚಿತ್ರ ತೆಗೆಯುವುದು. ಸಣ್ಣ ನಿವೇಶನಕ್ಕೆ ಒಂದೆರಡು ದಿನ ಸಾಕು, ಜಲ್ಲಿ ಕಾಂಕ್ರೀಟು ಬೀಳುವುದರೊಳಗೆ.